ಉಡಿ ತುಂಬಿದ ಮೇಲೆ

“ದೂರ ಹಿಡೀವಾ, ನನ್ನ ಸೀರಿಗೆ ತಾಗತೈತಿ,” ಎಂದಳು ಸಾವ್ಕಾರನ ಹೆಂಡತಿ ಶೈಲಜಾ.

ದುರಗಮ್ಮ ಕೈ ಚಾಚಿ ಸೆರಗನ್ನು ಇನ್ನೂ ಮುಂದಕ್ಕೆ ಹಿಡಿದಳು. ಶೈಲಜಾ ಮೊಳ ಎತ್ತರದಿಂದ ಅಕ್ಕಿ ಸುರಿದು, ಉತ್ತತ್ತಿ ಅಡಿಕೆ ಒಗೆದು, ಜಂಪರ್ ಪೀಸು ಹಾಕಿ, ಅದರ ಮೇಲೆ ತೆಂಗಿನಕಾಯಿ ಬಿಟ್ಟಳು. ಕಾಯಿ ಬಿದ್ದ ಏಟಿಗೆ ಸೆರಗು ಜಗ್ಗಿ ಅರ್ಧ ಅಕ್ಕಿ ನೆಲದ ಕೂದಲಿನಲ್ಲಿ ಚೆಲ್ಲಿತು.

“ಕಾಯಿ ಇಡ್ರಿ ಅಕ್ಕಾರ, ಒಗೀಬ್ಯಾಡ್ರಿ. ನಾ ಏನು ಬಾವಿ ಅಲ್ಲ,” ಎಂದಳು ದುರಗಮ್ಮ.

ನಾವೆಲ್ಲ ನಕ್ಕೆವು. ಶೈಲಜಾ ನಗಲಿಲ್ಲ. ಅವಳ ಗಂಡ ದೊಡ್ಡಬಸಪ್ಪ ಮಾತ್ರ ನಗುನಗುತ್ತ ಫೋನಿನಲ್ಲಿ ಫೋಟೋ ಹೊಡೆಯುತ್ತಿದ್ದ.

“ನೀವು ಯಾವಾಗರ ಕೆಲಸದವರಂಗ ಇದ್ದೀರೇನವಾ? ನಮ್ಮ ಮನಿ ಹೆಣ್ಣುಮಕ್ಕಳು ನೀವು. ಬರಿಗೈಲೆ ಕಳಸಬಾರದು ಅಂತ ಉಡಿ ತುಂಬಿಸೀನಿ. ನಾಳಿಂದ ಬರಬ್ಯಾಡ್ರಿ,” ಎಂದ.

ಕುಕನೂರಿನ ಸಂತೆ ಬಯಲಿನ ಹಿಂದಿದ್ದ ಆ ಗೋದಾಮು ಕೂದಲಿನದು. ಹೆಂಗಸರು ತಲೆ ಬಾಚಿ ಸುತ್ತಿಟ್ಟ ಉಂಡೆಗೂದಲನ್ನು ತಿರುಗಾಡುವ ವ್ಯಾಪಾರಿಗಳು ಪಿನ್ನು, ಸ್ಟೀಲ್ ಬಟ್ಟಲು ಕೊಟ್ಟು ಊರೂರಿಂದ ತರುತ್ತಿದ್ದರು. ಮೂಟೆ ಹೊರುವವನು ನಾನು. ಹೆಂಗಸರು ಸಾಲಾಗಿ ಕೂತು ದಬ್ಬಣದಿಂದ ಸಿಕ್ಕು ಬಿಡಿಸಿ, ಉದ್ದ ನೋಡಿ ಕಟ್ಟು ಕಟ್ಟುತ್ತಿದ್ದರು. ಎಲ್ಲೋ ದೂರದೇಶದ ಬೋಳುತಲೆಗೆ ಅದು ಹೋಗುತ್ತಿತ್ತು. ಧೂಳು, ಹೇನು, ಕೆಮ್ಮು ಮಾತ್ರ ನಮ್ಮಲ್ಲೇ ಉಳಿಯುತ್ತಿದ್ದವು. ದುರಗಮ್ಮ ಕೆಳಗಿನ ಕೇರಿಯವಳು. ಅವಳಿಗೆ ನೀರು ಕುಡಿಯಲು ಕಿಟಕಿಗೆ ಬೇರೆಯೇ ಒಂದು ಪ್ಲಾಸ್ಟಿಕ್ ಜಗ್ಗು ಕಟ್ಟಿದ್ದರು. ಗೋದಾಮಿಗೆ ತಗಡು ಹೊದಿಸಿದ ವರ್ಷದಿಂದ ಅವಳೂ ಅಲ್ಲೇ, ಜಗ್ಗೂ ಅಲ್ಲೇ.

ಈಗ ಸಾವ್ಕಾರ ಸಿಕ್ಕುಗೂದಲನ್ನು ಹಾಗೇ ಮೂಟೆ ಕಟ್ಟಿ ಬಂಗಾಳಕ್ಕೆ ಕಳಿಸತೊಡಗಿದ್ದ. ಅಲ್ಲಿ ನಮಗಿಂತ ಸಸ್ತಾ ಬೆರಳುಗಳು ಸಿಕ್ಕಿದ್ದವಂತೆ.

“ಉಡಿ ಆತ್ರಿ ಸಾವ್ಕಾರ್ರ,” ಎಂದಳು ದುರಗಮ್ಮ. “ಕೆಲಸ ಬಿಡಿಸಿದರ ಪರಿಹಾರ ಅಂತ ಕೊಡಬೇಕಂತಲ್ರಿ. ಕಾಯ್ದೆ ಐತಂತ.”

“ಯಾವ ಭಾಡ್ಯಾ ಹೇಳ್ಯಾನ?” ದೊಡ್ಡಬಸಪ್ಪ ನೇರ ನನ್ನನ್ನೇ ನೋಡಿದ. “ಕಾಯ್ದೆ ಇರೂದು ದೊಡ್ಡ ಫ್ಯಾಕ್ಟರಿಗೆ. ನಂದು ಪಾನಪಟ್ಟಿ ಅಂಗಡಿಯಷ್ಟು ಧಂದೆ. ಉಡಿ ತುಂಬಿಸಿಕೊಂಡು ಮ್ಯಾಲೆ ಕಾಯ್ದೆ ಮಾತಾಡತಾವು, ನಾಚಿಗಿಲ್ಲದ ಮಂದಿ.”

ಶೆಟರ್ ಇಳಿಯಿತು. ನಾನು ಅರ್ಧ ಇಟ್ಟಂಗಿ ಎತ್ತಿಕೊಂಡು ಅವನ ಕಾರಿನ ಗಾಜು ನೋಡುತ್ತ ನಿಂತೆ. ನಮ್ಮ ಓಣಿಯ ಶಾಹಜಾದಬಿ ಖಾಲಾ ಬಂದು ಕೈ ಹಿಡಿದಳು. ದುರಗಮ್ಮನ ಪಕ್ಕದಲ್ಲೇ ಕೂತು ಕೆಲಸ ಮಾಡಿ ತಲೆ ಬೆಳ್ಳಗಾದವಳು ಅವಳು.

“ಇಟ್ಟಂಗಿ ಇಡೋ ಜಾಕೀರಾ. ಗಾಜು ಒಡದರ ನಮ್ಮ ಲೆಕ್ಕ ಹಿಂದ ಬೀಳತೈತಿ, ಪೊಲೀಸರು ನಿನ್ನ ಲೆಕ್ಕ ಮೊದಲು ಮಾಡತಾರ.”

ದುರಗಮ್ಮ ಅಷ್ಟರಲ್ಲಿ ನೆಲದ ಅಕ್ಕಿ ಆರಿಸಿ ಮುಗಿಸಿದ್ದಳು. ಅವಳ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಬಂಡಿ ಇಟ್ಟಿದ್ದ ಮುದುಕ ಬಂಡಿ ಮಾರಿ ಮಗಳ ಊರಿಗೆ ಹೋಗುವವನಿದ್ದ. ನಾಗರ ಪಂಚಮಿ ಮುಗಿಯುವ ತನಕ ನಿನಗಾಗಿ ಕಾಯುತ್ತೇನೆ ಎಂದು ಮಾತು ಕೊಟ್ಟಿದ್ದ. ಪರಿಹಾರದ ದುಡ್ಡಿನಲ್ಲಿ ಬಂಡಿ ಬಂದರೆ ಇನ್ನೊಬ್ಬರ ಕೂದಲಿಗೆ ಕೈ ಹಚ್ಚುವುದು ತಪ್ಪುತ್ತದೆ.

“ಜೀವನದಾಗ ಮೊದಲ ಸಲ ಮಂದಿ ನನ್ನ ಕೈಲೆ ತಿಂತಾರ,” ಎಂದು ಅವಳು ಆಗಾಗ ಹೇಳಿ ತಾನೇ ನಗುತ್ತಿದ್ದಳು.

ಲೇಬರ್ ಆಫೀಸಿನ ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಗೊಣಗುತ್ತಿತ್ತು. ಅದರ ಕೆಳಗೆ ಕೂತ ಲೇಬರ್ ಅಧಿಕಾರಿ ಪ್ರಭುರಾಜ ಸಾಹೇಬ ಒಳ್ಳೆಯ ಮನುಷ್ಯನೇ. ನಮ್ಮನ್ನು ಕೂರಿಸಿದ. ಕುರ್ಚಿ ಸಾಲದೆ ಹೋದಾಗ ತಾನೂ ಎದ್ದು ನಿಂತ.

“ಧಂದೆ ಸಣ್ಣದಿರಲಿ ದೊಡ್ಡದಿರಲಿ,” ಎಂದ. “ವರ್ಷ ತುಂಬ ದುಡದವರನ್ನ ಕೆಲಸ ಇಲ್ಲ ಅಂತ ತಗದರ ತಿಂಗಳ ಮೊದಲು ನೋಟಿಸ್ ಕೊಡಬೇಕು. ಇಲ್ಲಂದರ ತಿಂಗಳ ಪಗಾರ ಕೊಡಬೇಕು. ಅದರ ಮ್ಯಾಲೆ, ದುಡದ ಒಂದೊಂದು ವರ್ಷಕ್ಕ ಹದಿನೈದು ದಿನದ ಪಗಾರ. ಇದು ಯಾರ ಧರ್ಮನೂ ಅಲ್ಲ, ಕಾಯ್ದೆ.”

ನಮ್ಮ ದೂರಿನ ಮೇಲೆ ಕರೆಸಿದ್ದಕ್ಕೆ ಬಂದಿದ್ದ ದೊಡ್ಡಬಸಪ್ಪ ಎರಡೂ ಕೈ ಜೋಡಿಸಿದ.

“ಖರೇರಿ ಸರ. ಆದರ ಇವರು ಕೆಲಸದವರಲ್ರಿ. ನಮ್ಮ ಮನಿ ಮಕ್ಕಳು. ಮನ್ಯಾಗ ಬ್ಯಾಸರಾದಾಗ ಬಂದು ನಾಕು ಮಾತಾಡಿ, ಕೈಗೆ ಸಿಕ್ಕದ್ದು ಮಾಡಿ ಹೋಗತಿದ್ರು. ನೋಡ್ರಿ, ಉಡಿ ತುಂಬಿದ ಫೋಟೋ. ಯಾವ ಸಾವ್ಕಾರ ಕೂಲಿಯವರಿಗೆ ಉಡಿ ತುಂಬತಾನ್ರಿ?”

ಸಾಹೇಬ ಫೋಟೋ ನೋಡಿದ. ಆಮೇಲೆ ನಮ್ಮನ್ನು ನೋಡಿದ. “ಹಾಜರಿ ಚೀಟಿ, ಪಗಾರ ಚೀಟಿ, ಏನರ ಐತೇನವಾ?”

ದುರಗಮ್ಮ ಎರಡೂ ಹಸ್ತ ಬಿಚ್ಚಿ ಮೇಜಿನ ಮೇಲಿಟ್ಟಳು. ದಬ್ಬಣ ಚುಚ್ಚಿ ಚುಚ್ಚಿ ಬೆರಳ ತುದಿಗಳು ಜರಡಿಯಾಗಿದ್ದವು. “ಇದು ನಡಿಯಂಗಿಲ್ಲೇನ್ರಿ?”

“ಚೀಟಿ ಬೇಕವಾ,” ಎಂದ ಸಾಹೇಬ, ತಲೆ ತಗ್ಗಿಸಿ. ದೊಡ್ಡಬಸಪ್ಪ ನಡುವೆ ಬಾಯಿ ಹಾಕಿದ. “ರೊಟ್ಟಿ ಪಂಚಮಿ ದಿನ ನಮ್ಮೂರಿಗೆ ಬರ್ರಿ ಸರ. ಗೋದಾಮ ನೋಡಿದಂಗೂ ಆತು, ಉಂಡಿ ತಿಂದಂಗೂ ಆತು.”

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಎದುರು ಸೀಟಿನ ರೆಗ್ಜಿನ್ನು ಉಗುರಿನಲ್ಲಿ ಹರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಶಾಹಜಾದಬಿ ಖಾಲಾ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

“ಏನಾತ ನಿನಗ? ಗಾಳಿ ಹೊಕ್ಕೈತೇನು?” ಎಂದಳು ದುರಗಮ್ಮ.

“ದುರಗವ್ವಾ, ಉಡಿ ತುಂಬಿ ಕಳಿಸಿದ ಮಗಳನ್ನ ಮೊದಲ ಪಂಚಮಿಗೆ ತವರಿಗೆ ಕರೀಲಿಲ್ಲಂದರ ಏನಾಗತೈತಿ?”

“ತವರಿನ ಹೆಸರು ಕೆಡತೈತಿ.”

“ಪಾಪ. ಅವರ ಹೆಸರು ನಾವು ಯಾಕ ಕೆಡಸೂದು?”

ದುರಗಮ್ಮನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಅವಳು ನಕ್ಕ ನಗೆಗೆ ಕಂಡಕ್ಟರು ತಿರುಗಿ ನೋಡಿದ.

“ನಾ ಏನಾಗಿ ಬರಲಿ ಖಾಲಾ?” ಎಂದೆ.

“ಮೊಮ್ಮಗ ಆಗಿ ಬಾ. ಉಂಡಿ ಸಾಲಲಿಲ್ಲ ಅಂತ ನೆಲಕ್ಕ ಬಿದ್ದು ಹಠ ಮಾಡು.”

ರೊಟ್ಟಿ ಪಂಚಮಿಯ ದಿನ ಗೋದಾಮಿನ ಅಷ್ಟೂ ಹೆಂಗಸರು ಗಂಟು ಕಟ್ಟಿಕೊಂಡು ಸಾವ್ಕಾರನ ಮನೆಗೆ ಹೊರಟರು. ಉಡಿಗೆ ಬಂದಿದ್ದ ಜಂಪರ್ ಪೀಸುಗಳೆಲ್ಲ ಒಂದೇ ಥಾನಿನಿಂದ ಕತ್ತರಿಸಿದವು. ಹೊಲಿಸಿ ಹಾಕಿಕೊಂಡಿದ್ದರಿಂದ ಎಲ್ಲರೂ ಒಂದೇ ಶಾಲೆಯ ಹುಡುಗಿಯರ ಹಾಗೆ ಕಾಣುತ್ತಿದ್ದರು. ಪಡಸಾಲೆಯಲ್ಲಿ ದೊಡ್ಡಬಸಪ್ಪನ ತಾಯಿ ಬಸವಣ್ಣೆಮ್ಮ ಕೂತಿದ್ದಳು. ಕಿವಿ ಮಂದ, ಕಣ್ಣು ಮಂಜು.

“ಯಾರವಾ?”

“ನಿನ್ನ ಮೊಮ್ಮಕ್ಕಳು, ಯಮ್ಮಾ,” ಶಾಹಜಾದಬಿ ಖಾಲಾ ಅವಳ ಕಿವಿಯ ಹತ್ತಿರ ಬಾಗಿ ಹೇಳಿದಳು. “ಪಂಚಮಿಗೆ ಬಂದೀವಿ.”

ಮುದುಕಿಯ ಮುಖ ಅರಳಿತು. “ಬರ್ರೆವಾ, ಬರ್ರಿ. ಕೈಕಾಲು ತೊಳಕೊಂಡು ಒಳಗ ನಡೀರಿ. ಹಬ್ಬದ ದಿನ ಹೊಸ್ತಲದಾಗ ನಿಲ್ಲಬಾರದು.”

ಹಿರಿಯರ ಮಾತು ಮೀರಬಾರದು. ಒಳಗೆ ನಡೆದೆವು.

ನಡುಮನೆಯಲ್ಲಿ ಪ್ರಭುರಾಜ ಸಾಹೇಬ ಎಳ್ಳಿನ ಉಂಡಿ ಬಾಯಿಗಿಟ್ಟಿದ್ದ. ಪಕ್ಕದಲ್ಲಿ ಕೂತ ದೊಡ್ಡಬಸಪ್ಪ ನಮ್ಮನ್ನು ಕಂಡು ಎದ್ದ. ಸಾಹೇಬನನ್ನು ಕಂಡು ಕೂತ.

“ಬರ್ರಿ, ಬರ್ರಿ,” ಎಂದ. ಹಲ್ಲು ಮಾತ್ರ ಕಾಣುತ್ತಿದ್ದವು.

“ನೀ ಕರೀಲಿಲ್ಲ ಅಂತ ಸಿಟ್ಟಿಲ್ಲೋ ಯಪ್ಪಾ,” ಎಂದಳು ದುರಗಮ್ಮ. “ಮಕ್ಕಳು ತವರಿಗೆ ಬರಾಕ ಕರಿಬೇಕೇನು?” ಗಂಟನ್ನು ಅವನ ಕಾಲಿನ ಹತ್ತಿರವೇ ಇಟ್ಟು ಒಳಗೆ ಹೋದಳು.

ನಮ್ಮಲ್ಲೆಲ್ಲ ಚಿಕ್ಕವಳಾದ ಹೇಮಾ ಅಂಗಳದ ಜೋಕಾಲಿ ಹತ್ತಿ ಜೀಕತೊಡಗಿದಳು. ಶಾಹಜಾದಬಿ ಖಾಲಾ ಶೈಲಜಾಳ ಮುಂದೆ ಚಕ್ಕಳಬಕ್ಕಳ ಹಾಕಿ ಕೂತು ತನ್ನ ಬಿಳಿ ಜಡೆ ಬಿಚ್ಚಿದಳು. “ಯವ್ವಾ, ನೆತ್ತಿಗೆ ಒಂದೀಟು ಎಣ್ಣಿ ಹಚ್ಚಬೇ. ಮಂದಿ ಕೂದಲ ಬಿಡಿಸಿ ಬಿಡಿಸಿ ನನ್ನವು ಸಿಕ್ಕ ಬಿದ್ದಾವ.” ಮಗಳ ಅರ್ಧ ವಯಸ್ಸಿನ ತಾಯಿ ಎಣ್ಣೆ ಬಾಟಲಿ ಹಿಡಿದು ಕಲ್ಲಾದಳು. ನಾನು ನಾಲ್ಕನೆಯ ಉಂಡಿ ಕೇಳಿದೆ. ಸಾಹೇಬನಿಗೆ ಕೆಮ್ಮು ಬಂತು. ಕೆಮ್ಮೋ ನಗೆಯೋ ಗೊತ್ತಾಗಲಿಲ್ಲ.

“ಹಬ್ಬ ಅಂದರ ಹಿಂಗ ಇರಬೇಕು ನೋಡ್ರಿ ಸರ,” ಎಂದ ದೊಡ್ಡಬಸಪ್ಪ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು.

ಆಗ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಪಟ್ಟ, ಪಟ್ಟ, ಪಟ್ಟ.

“ಒಳಗ ಯಾರದಾರ?” ದೊಡ್ಡಬಸಪ್ಪನ ದನಿ ಇಳಿಯಿತು.

“ಆಕಿ, ದುರಗಿ,” ಶೈಲಜಾಳಿಗೆ ಅಳುವೇ ಬಂದಿತ್ತು. “ಹಿಟ್ಟಿನ ಡಬ್ಬಿ ಮುಟ್ಟ್ಯಾಳ. ನೀರಿನ ಕೊಡಾ ಮುಟ್ಟ್ಯಾಳ. ಒಲಿ ಮುಂದ ಕುಂತಾಳ.”

ಸಾವ್ಕಾರ ತಟ್ಟೆ ದಾಟಿ ಅಡುಗೆಮನೆಯ ಬಾಗಿಲಿಗೆ ಹಾರಿದ.

“ಏ ಹಲ್ಕಟ್ ಸೂಳಿ, ಹೊರಗ ಬಾ. ಹನ್ನೆರಡು ವರ್ಷ ನನ್ನ ಗೋದಾಮಿನ್ಯಾಗ ಕೂದಲ ಬಿಡಿಸಿಗೋತ ಬಿದ್ದ ಕೂಲಿಯಾಕಿ ನೀ. ವಾರ ವಾರ ನನ್ನ ಮುಂದ ಕೈಯೊಡ್ಡಿ ಪಗಾರ ಇಸಗೊಂಡಾಕಿ. ಮಗಳಂತ, ಮಗಳು. ನಿಮ್ಮಂಥಾ ಕೂಲಿ ಮಂದೀನ ಮನಿಯೊಳಗ ಬಿಟ್ಟವರ್ಯಾರು?”

ಜೋಕಾಲಿ ನಿಂತಿತು. ರೊಟ್ಟಿಯ ಸದ್ದೂ ನಿಂತಿತು. ಒಲೆಯ ಕಟ್ಟಿಗೆ ಚಟಪಟ ಎನ್ನುತ್ತಿತ್ತು. ಆಮೇಲೆ ಒಳಗಿನಿಂದ ಮತ್ತೆ ಶುರುವಾಯಿತು. ಪಟ್ಟ, ಪಟ್ಟ.

“ಸಾಹೇಬ್ರ,” ಕೂದಲು ಬಿಚ್ಚಿಕೊಂಡೇ ಕೂತಿದ್ದ ಶಾಹಜಾದಬಿ ಖಾಲಾ ಮೆಲ್ಲಗೆ ಹೇಳಿದಳು. “ಚೀಟಿ ಕೇಳಿದ್ರೆಲ್ಲಾ. ಈಗ ಬಾಯಿಲೆ ಹರದು ಕೊಟ್ರು ನೋಡ್ರಿ.”

ಪ್ರಭುರಾಜ ಸಾಹೇಬ ಅರ್ಧ ಉಂಡಿ ಕೆಳಗಿಟ್ಟು ಕೈ ಒರೆಸಿಕೊಂಡ. ಜೇಬಿನಿಂದ ಪೆನ್ನು ತೆಗೆದ.

“ಎಷ್ಟು ವರ್ಷ ಅಂದ್ರಿ, ದೊಡ್ಡಬಸಪ್ಪನವರ?”

“ಅದು ಸರ, ಸಿಟ್ಟಿನ್ಯಾಗ ಏನೋ…”

“ಹನ್ನೆರಡು ಅಂದ,” ಪಡಸಾಲೆಯಿಂದ ಬಸವಣ್ಣೆಮ್ಮ ಕೂಗಿದಳು. “ನನ್ನಂಥಾ ಕಿವುಡಿಗೆ ಕೇಳಸ್ತು, ನಿಮಗ ಕೇಳಸಲಿಲ್ಲೇನು?”

ದುರಗಮ್ಮ ಹೊರಗೆ ಬಂದಳು. ಮೊಣಕೈವರೆಗೆ ಜೋಳದ ಹಿಟ್ಟು. ಜರಡಿಯಾದ ಬೆರಳ ತುದಿಗಳ ಮೇಲೆ ಆಗತಾನೆ ತವೆಯಿಂದ ಇಳಿದ ರೊಟ್ಟಿ, ಚಂದ್ರನ ಹಾಗೆ ಉಬ್ಬಿದ್ದು. ಅದನ್ನು ಅವಳು ಎತ್ತರದಿಂದ ಒಗೆಯಲಿಲ್ಲ. ಬಾಗಿ, ದೊಡ್ಡಬಸಪ್ಪನ ತಟ್ಟೆಯಲ್ಲಿ ಮೆಲ್ಲಗೆ ಇಟ್ಟಳು.

“ಕುಂದರ್ರಿ ಸಾವ್ಕಾರ್ರ. ಮಗಳು ಸುಟ್ಟದ್ದು ಅಂದರ ಹಂಗ ಉಣ್ರಿ. ಕೂಲಿಯಾಕಿ ಸುಟ್ಟದ್ದು ಅಂದರ ಪಗಾರ ಕೊಟ್ಟು ಉಣ್ರಿ.”

ಅವನು ಕೂರಲೂ ಇಲ್ಲ, ಹೋಗಲೂ ಇಲ್ಲ. ಸಾಹೇಬನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಹೊರಗೆ ಹೇಮಾ ಮತ್ತೆ ಜೀಕತೊಡಗಿದಳು. ತಟ್ಟೆಯಲ್ಲಿ ರೊಟ್ಟಿ ನಿಧಾನವಾಗಿ ಉಸಿರು ಬಿಡುತ್ತಿತ್ತು.