ಕಥೆಗೆ ಸೇರಿಸಿದ ಸುಳ್ಳು

ನನ್ನ ಕಥೆಯಲ್ಲಿ ಒಂದೇ ಒಂದು ಸುಳ್ಳಿತ್ತು. ಉಳಿದದ್ದೆಲ್ಲ ನಮ್ಮ ಮನೆಯದೇ: ಅಮ್ಮನ ಹೊಲಿಗೆ ಯಂತ್ರ, ನೆಲದ ತುಂಬ ಬಟ್ಟೆಯ ಚೂರು, ನನಗೆ ಐದು ವರ್ಷವಿದ್ದಾಗ ಹೇಳದೆ ಕೇಳದೆ ಬಿಟ್ಟುಹೋದ ಅಪ್ಪ. ಮತ್ತೆ ತಿರುಗಿಯೂ ನೋಡದ ಆ ಮನುಷ್ಯನ ಮೇಲೆ ಮೂವತ್ತು ವರ್ಷ ಹಲ್ಲು ಕಡಿದಿದ್ದೆ. ಆ ಸಿಟ್ಟನ್ನೆಲ್ಲ ಹನ್ನೆರಡು ಪುಟದಲ್ಲಿ ಕಾರಿಕೊಂಡೆ.

ಪತ್ರಿಕೆಯ ಸಂಪಾದಕರು ಫೋನ್ ಮಾಡಿದರು. “ಚೆನ್ನಾಗಿದೆ ಕಣಮ್ಮಾ. ಆದ್ರೆ ಅಪ್ಪ ಹೋದ, ಅಷ್ಟೇನಾ? ಕೊನೇಲಿ ಏನಾದ್ರೂ ಆಗ್ಬೇಕಲ್ವಾ?”

ಆಗಲಿ, ನನ್ನ ಗಂಟೇನು ಹೋಗುತ್ತದೆ? ಒಂದು ಮಧ್ಯಾಹ್ನ ಅಪ್ಪನನ್ನು ವಾಪಸ್ಸು ಕರೆಸಿದೆ. ಮಗಳಿಗೆಂದು ಅವನ ಕೈಗೆ ಕೆಂಪು ಬೂಟು ಕೊಟ್ಟೆ. ಅವನು ಬಾಗಿಲು ತಟ್ಟುತ್ತಾನೆ. ಮಗು ಶಾಲೆಗೆ ಹೋಗಿದೆ. ಒಳಗೆ ಹೆಂಡತಿ ಯಂತ್ರ ನಿಲ್ಲಿಸಿ, ಉಸಿರು ಬಿಗಿಹಿಡಿದು ಕೂರುತ್ತಾಳೆ. ಬಾಗಿಲು ತೆರೆಯುವುದಿಲ್ಲ. ಇಷ್ಟು ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಚ್ಚಿಗೆ ಕಳಿಸಿದ ಮರುದಿನ ಅಮ್ಮನಿಗೆ ಓದಿ ಹೇಳಿದೆ. ಅವಳು ಯಾರದೋ ಲಂಗಕ್ಕೆ ಅಂಚು ಹೊಲಿಯುತ್ತಲೇ ಕೇಳಿದಳು. “ನನ್ನನ್ನ ಎಷ್ಟು ದಪ್ಪ ಮಾಡಿದ್ದೀಯಲ್ಲೇ!” ಎಂದು ನಕ್ಕಳು ಕೂಡ. ಬಾಗಿಲು ತಟ್ಟುವ ಸಾಲು ಬಂದಾಗ ಯಂತ್ರ ನಿಂತಿತು. ತಲೆಯೆತ್ತಿ ನೋಡಿದರೆ ಅಮ್ಮನ ಮುಖ ಬಿಳಿಚಿಕೊಂಡಿತ್ತು.

“ಯಾರು ಹೇಳಿದ್ರು ನಿಂಗೆ?”

“ಏನನ್ನ?”

“ಅವ್ರು ಬಂದಿದ್ದನ್ನ.”

“ಅಮ್ಮಾ, ಅದು ನಾನು ಸುಮ್ನೆ ಕಟ್ಟಿದ್ದು!”

“ಮೂರು ಸಲ ಬಂದಿದ್ರು. ಬೂಟು ತಂದಿದ್ದು ಕೊನೇ ಸಲ. ಕೆಂಪೇ.”

“ಅಯ್ಯೋ! ಅವರನ್ನ ಬೈಕೊಂಡೇ ಬೆಳೆದೆನಲ್ಲಮ್ಮಾ ನಾನು! ಒಂದು ಮಾತು ಹೇಳೋಕೆ ಏನು ದಾಡಿಯಾಗಿತ್ತು ನಿಂಗೆ?” ಪುಟಗಳೆಲ್ಲ ನನ್ನ ಕೈಯಿಂದ ಜಾರಿ ಬಟ್ಟೆ ಚೂರುಗಳ ಮೇಲೆ ಬಿದ್ದವು.

“ಭಯ ಕಣೇ. ನಿನ್ನ ಕರ್ಕೊಂಡು ಹೋಗ್ಬಿಡ್ತಾರೆ ಅಂತ.” ಅಮ್ಮ ಲಂಗವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. “ಮಗು ಶಾಲೆಗೆ ಹೋಗಿದೆ ಅಂತ ಬರ್ದಿದ್ದೀಯ. ಹೋಗಿರ್ಲಿಲ್ಲ. ಇಬ್ರೂ ಕಿಟಕಿ ಸಂದೀಲಿ ನೋಡಿದ್ವಿ. ನೀನು ‘ಅಪ್ಪಾ’ ಅಂತ ಕೂಗೋಕೆ ಹೋದೆ. ನಿನ್ನ ಬಾಯಿ ಒತ್ತಿ ಹಿಡ್ಕೊಂಡೆ, ಅವ್ರು ಬೀದಿ ದಾಟೋವರೆಗೂ. ಆಮೇಲೆ ‘ಯಾರೂ ಬಂದಿರ್ಲಿಲ್ಲ, ನೀನು ಕನಸು ಕಂಡೆ’ ಅಂತ ದಿನಾ ಹೇಳ್ದೆ. ಮರೆತುಬಿಟ್ಟೆ ನೀನು.”

ಸಂಜೆ ಸಂಪಾದಕರ ಫೋನ್ ಬಂತು. “ಅದ್ಭುತವಾಗಿದೆ ಕಣಮ್ಮಾ ಆ ಕೊನೆ! ಎಲ್ಲಿಂದ ಹೊಳೀತು?”

ಬಾಯಿ ತೆರೆದೆ. ಅಮ್ಮನ ಅಂಗೈ ಇನ್ನೂ ಅದನ್ನು ಒತ್ತಿ ಹಿಡಿದಂತಿತ್ತು.