ದರ್ಜಿಯಮ್ಮನ ಉಪವಾಸ

ಶವ ಎತ್ತುವ ಮುಂಚೆ ಮಗಳು ಪ್ರಾರ್ಥನಾ ಮಂದಿರದ ಹಿರಿಯರನ್ನು ಅಮ್ಮನ ಹೊಲಿಗೆ ಮೆಷಿನ್ನಿನ ಪಕ್ಕಕ್ಕೆ ಕರೆದು ನಿಲ್ಲಿಸಿದಳು.

"ಎಲ್ರ ಉಪವಾಸದ ದಿನಗಳು ಇನ್ನೂ ಅರ್ಧ ಬಾಕಿ ಇವೆ. ಮಾತ್ರೆ ನುಂಗಿದ್ರೆ ಉಪವಾಸ ಮುರಿಯಲ್ಲ ಅಂತ ಇವತ್ತಾದ್ರೂ ಹೇಳಿಬಿಡಿ. ನಿಮ್ಮ ಬಾಯಿಂದ ಬಂದ್ರೆ ಎಲ್ರೂ ಕೇಳ್ತಾರೆ."

ಹಿರಿಯರು ಒಳ್ಳೆಯವರೇ. ಯಾರ ಮನಸ್ಸನ್ನೂ ನೋಯಿಸದೆ ಬದುಕಿ ಬದುಕಿ ಬೆನ್ನುಮೂಳೆ ಸವೆಸಿಕೊಂಡಿದ್ದರು, ಅಷ್ಟೇ. ನೋಡೋಣಮ್ಮ ಎಂದರು. ಅಮ್ಮನಿಗೂ ವರ್ಷವರ್ಷ ಇದೇ 'ನೋಡೋಣ' ಸಿಕ್ಕಿತ್ತು.

ಒಳಗೆ ಹೆಂಗಸರು ಸತ್ತವಳ ಗುಣಗಾನ ಮಾಡುತ್ತಿದ್ದರು. ಪ್ರಾರ್ಥನೆ ಮುಗಿದೊಡನೆ ಹಿಂದಿನ ಬೆಂಚಿನಲ್ಲಿ ಕೂರಿಸಿ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದಳು, ಉಪ್ಪು ಜಾಸ್ತಿ ತಿಂದವರನ್ನು ಕಳ್ಳರ ಹಾಗೆ ಹಿಡಿಯುತ್ತಿದ್ದಳು ಎಂದು ನಕ್ಕರು. ನಕ್ಕಿದ್ದಕ್ಕೆ ಮತ್ತೆ ಅತ್ತರು.

* * *

ಆಸ್ಪತ್ರೆಯವರು ದರ್ಜಿಯಮ್ಮನಿಗೆ ಬಿಪಿ ನೋಡುವ ತರಬೇತಿ ಕೊಟ್ಟಿದ್ದೇ ಈ ನಂಬಿಕೆಯ ಮೇಲೆ: ಡಾಕ್ಟರ ಮಾತಿಗೆ ಕಿವಿಗೊಡದ ಜನ ತಮ್ಮವಳ ಮಾತು ಕೇಳುತ್ತಾರೆ. ಕೇಳಿದರು ಕೂಡ. ಉಪವಾಸ ಬಂದಾಗ ಮಾತ್ರ ಎಲ್ಲರ ಮಾತ್ರೆಗಳೂ ಮೂಲೆ ಸೇರುತ್ತಿದ್ದವು.

ಬಿಪಿ ಎಲ್ಲರಿಗಿಂತ ಜಾಸ್ತಿ ಇದ್ದದ್ದು ಅವಳ ನಾದಿನಿಗೆ. ಬಾಯಿಯೂ ಅವಳದೇ ಜೋರು.

"ನೀನು ಗುಳುಕ್ ಅಂತ ಮಾತ್ರೆ ನುಂಗ್ಕೊಂಡು ನಮಗೆ ಬುದ್ಧಿ ಹೇಳ್ತೀಯಾ? ಮೊದ್ಲು ಸರಿಯಾಗಿ ಉಪವಾಸ ಮಾಡಿ ತೋರ್ಸು. ಆಮೇಲೆ ಕೇಳ್ತೀವಿ."

ಮಗಳು ಬೇಡವೆಂದು ಗೋಗರೆದಳು. ಅಮ್ಮ ಪಟ್ಟು ಬಿಡಲಿಲ್ಲ. "ಇದೊಂದು ವರ್ಷ ನಾನು ಮಾತ್ರೆ ಬಿಡ್ತೀನಿ. ಮುಂದಿನ ವರ್ಷ ಅವರೆಲ್ಲ ನುಂಗ್ತಾರೆ, ನೋಡ್ತಿರು."

ಉಪವಾಸದ ನಡುವೆ ಒಂದು ಬೆಳಿಗ್ಗೆ ಕತ್ತರಿ ಹಿಡಿದ ಕೈ ಮೇಲೇಳಲಿಲ್ಲ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಾತು ನಿಂತಿತ್ತು.

* * *

ಗುಂಡಿಯ ಬಳಿ ಹಿರಿಯರು ಗಂಟಲು ಸರಿಮಾಡಿಕೊಂಡು ಮಗಳ ಕಡೆ ನೋಡಿದರು. ಹೇಳಿಯೇಬಿಡುತ್ತಾರೆ ಎಂದು ಅವಳಿಗೆ ಅನ್ನಿಸಿತು.

"ಕಾಯಿಲೆ ಇದ್ರೂ ನಮ್ಮ ತಂಗಿ ಕೊನೆಗಾಲದಲ್ಲಿ ಒಂದು ಮಾತ್ರೆ ಬಾಯಿಗೆ ಹಾಕ್ಲಿಲ್ಲ. ಇಂಥ ಭಕ್ತಿ ನಮಗೂ ಬರಲಿ."

ಹೇಳುತ್ತಾ ಅವರೇ ಬಿಕ್ಕಿದರು. ಆ ಅಳುವಿನಲ್ಲಿ ಕಪಟವಿರಲಿಲ್ಲ. ಮಗಳಿಗೆ ಸಹಿಸಲಾಗದೇ ಹೋದದ್ದು ಅದೇ. ಅಮ್ಮ ಅದಕ್ಕಲ್ಲ ಬಿಟ್ಟಿದ್ದು, ಅದಕ್ಕಲ್ಲ ಎಂದು ಕೂಗಿದಳು. ಸಂಕಟಕ್ಕೆ ಏನೋ ಬಡಬಡಿಸುತ್ತಿದ್ದಾಳೆಂದು ಯಾರೋ ಅವಳ ಮುಖವನ್ನು ಎದೆಗೆ ಒತ್ತಿಕೊಂಡು, ಅತ್ತುಬಿಡು ಎಂದು ಬೆನ್ನು ನೇವರಿಸಿದರು.

ಮಣ್ಣು ಮುಚ್ಚಿಯಾಯಿತು. ನಾದಿನಿ ಮುಂದೆ ಬಂದು ಪರ್ಸಿನಿಂದ ತನ್ನ ಬಿಪಿ ಮಾತ್ರೆಯ ಸ್ಟ್ರಿಪ್ ತೆಗೆದು, ಹಸಿ ಮಣ್ಣಿನ ಮೇಲೆ ಹೂವಿನ ಪಕ್ಕ ಮೆಲ್ಲಗೆ ಇಟ್ಟಳು. ಅವಳ ಹಿಂದೆ ನಿಂತ ಹೆಂಗಸರು ಒಬ್ಬೊಬ್ಬರಾಗಿ ಚೀಲಕ್ಕೆ ಕೈಹಾಕಿದರು.