ಕ್ಷೌರದಂಗಡಿಯ ಗಿಳಿ ಉಬ್ಬಸಪಟ್ಟ ಕಥೆ

ಕ್ಷೌರದಂಗಡಿಯ ಗಿಳಿ ಎಂದರೆ ಬೀದಿಗೆಲ್ಲ ಅಕ್ಕರೆ. ಕೂದಲು ಕತ್ತರಿಸಿಕೊಳ್ಳಲು ಬಂದವರೆಲ್ಲ ಅದಕ್ಕೆ ಶೇಂಗಾವನ್ನೋ ಸೂರ್ಯಕಾಂತಿ ಬೀಜವನ್ನೋ ಕೊಡುತ್ತಿದ್ದರು. "ತಿನ್ಲಿ ಬಿಡಿ, ಬಾಯಿಲ್ಲದ ಜೀವ," ಎನ್ನುತ್ತಿದ್ದ ಕ್ಷೌರಿಕ. ಇಡೀ ದಿನ ವಟಗುಟ್ಟುವ ಹಕ್ಕಿಗೆ ಬಾಯಿಲ್ಲವೆಂದರೆ ಯಾರಿಗೆ ತಾನೇ ನಗು ಬಾರದು?

ಒಂದು ಬೆಳಿಗ್ಗೆ ಗಿಳಿ ಕೂತ ಕೋಲಿನಿಂದ ಧೊಪ್ಪನೆ ಬಿತ್ತು. ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಕ್ಷೌರಿಕನ ಹೆಂಡತಿ ಅದನ್ನು ಟವೆಲಿನಲ್ಲಿ ಮೆಲ್ಲಗೆ ಸುತ್ತಿಕೊಂಡಳು. "ರೀ, ಬಾಗಿಲು ಹಾಕಿ, ನಡೀರಿ ಆಸ್ಪತ್ರೆಗೆ!"

ಪಶುವೈದ್ಯೆ ಗಿಳಿಗೆ ಆಮ್ಲಜನಕ ಕೊಟ್ಟು, ಅದು ಸುಧಾರಿಸಿಕೊಂಡ ಮೇಲೆ ಪರೀಕ್ಷಿಸಿದರು. "ಏನು ತಿನ್ನಿಸ್ತೀರಿ?"

"ಬೀಜಾನೇ ಡಾಕ್ಟ್ರಮ್ಮ. ಯಾವತ್ತೂ ಕಮ್ಮಿ ಮಾಡಿಲ್ಲ," ಎಂದ ಕ್ಷೌರಿಕ.

"ಅದೇ ಆಗಿದ್ದು. ಮೈಯಲ್ಲೂ ಲಿವರ್‌ನಲ್ಲೂ ಕೊಬ್ಬು ತುಂಬ್ಕೊಂಡಿದೆ, ಅದು ಒತ್ತಿ ಉಸಿರಾಡೋಕೆ ಕಷ್ಟ ಆಗ್ತಿದೆ."

"ಗಿಳಿ ಅಂದ್ಮೇಲೆ ಬೀಜ ತಿನ್ನಲ್ವಾ? ಹಕ್ಕಿಗೂ ಪಥ್ಯಾನಾ?" ಕ್ಷೌರಿಕನಿಗೆ ನಂಬಿಕೆ ಬರಲಿಲ್ಲ.

"ಕಾಡಿನ ಗಿಳಿ ಹಾರಿ ಹಾರಿ ಕರಗಿಸುತ್ತೆ. ನಿಮ್ಮದು ಕೂತಲ್ಲೇ ಕೂತಿರುತ್ತೆ. ಈ ಬೀಜಗಳಲ್ಲಿ ಎಣ್ಣೆ ಜಾಸ್ತಿ. ಗರಿ ಬೆಳೆಯೋಕೆ ಬೇಕಾದ ಪ್ರೋಟೀನ್ ಬರೀ ಬೀಜದಿಂದ ಸರಿಯಾಗಿ ಸಿಗಲ್ಲ. ಗರಿ ಎಷ್ಟು ಮಂಕಾಗಿದೆ ನೋಡಿ."

"ಮತ್ತೇನು ಹಾಕೋದು?" ಎಂದಳು ಹೆಂಡತಿ.

"ಗಿಳಿಗಂತಲೇ ಮಾಡಿದ ಗುಳಿಗೆಯಂಥ ಆಹಾರ ಸಿಗುತ್ತೆ, ಅದು ಮುಖ್ಯ. ಜೊತೆಗೆ ಸೊಪ್ಪು, ಕ್ಯಾರೆಟ್, ಉಪ್ಪು ಹಾಕದೆ ಮೆತ್ತಗೆ ಬೇಯಿಸಿದ ಕಾಳು. ಯಾವಾಗಾದ್ರೂ ಬೆಂದ ಮೊಟ್ಟೆಯ ಒಂದು ಚೂರು. ಪ್ರೋಟೀನ್ ಕೂಡ ಅತಿಯಾಗಬಾರದು. ಬೀಜ ಒಂದೇ ಸಲ ನಿಲ್ಲಿಸಿದ್ರೆ ಹಕ್ಕಿ ಊಟಾನೇ ಬಿಟ್ಟೀತು. ನಿಧಾನಕ್ಕೆ ಕಮ್ಮಿ ಮಾಡಿ, ತೂಕ ನೋಡ್ತಾ ಇರಿ."

ಮೊದಮೊದಲು ಗಿಳಿ ಕ್ಯಾರೆಟ್ ಚೂರನ್ನು ಎತ್ತಿ ಗಿರಾಕಿಯ ನೊರೆಗೆನ್ನೆಗೇ ಎಸೆಯಿತು. "ಪಾಪ, ಉಪವಾಸ ಕೆಡವಿದ್ದೀರಲ್ಲ!" ಎಂದು ಆ ಗಿರಾಕಿ ಶೇಂಗಾಕ್ಕೆ ಜೇಬು ತಡಕಿದ.

"ಕೈ ಕೆಳಗಿಡಿ ಸ್ವಾಮಿ," ಎಂದ ಕ್ಷೌರಿಕ. ಕುತ್ತಿಗೆಯ ಬಳಿ ಕತ್ತಿ ಹಿಡಿದವನೊಡನೆ ವಾದಕ್ಕಿಳಿಯುವವರು ಯಾರು?

ಗಿಳಿ ನಿಧಾನವಾಗಿ ಸೊಪ್ಪಿನ ರುಚಿ ಹಿಡಿಯಿತು. ಕೆಲವು ತಿಂಗಳಲ್ಲಿ ಮೈ ಇಳಿಯಿತು, ಹಳೆಯ ಗರಿ ಉದುರಿ ಹೊಳೆಯುವ ಹೊಸ ಗರಿ ಬಂತು. ಒಂದು ಮಧ್ಯಾಹ್ನ ಅದು ಪುರ್ರನೆ ಹಾರಿ ಕನ್ನಡಿಯ ಮೇಲೆ ಕೂತಿತು. ಚೂರೂ ಏದುಸಿರಿಲ್ಲ!

ಕ್ಷೌರಿಕ ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕಣ್ಣೊರೆಸಿಕೊಂಡ. "ಅಬ್ಬ, ಉಸಿರು ಬಂತು ಕಣೇ."

"ಅದಕ್ಕೋ, ನಿಮಗೋ?"

"ಇಬ್ಬರಿಗೂ."

ನಿಮ್ಮ ಮನೆಯಲ್ಲೂ ಗಿಳಿಯಿದೆಯೇ? ಹಾಗಾದರೆ ಇವತ್ತೇ ಅದರ ಬಟ್ಟಲು ನೋಡಿ. ಬರೀ ಬೀಜವಿದ್ದರೆ ಹಕ್ಕಿ ಬೀಳುವ ತನಕ ಕಾಯಬೇಡಿ. ಪಶುವೈದ್ಯರನ್ನು ಕೇಳಿ ಬದಲಾಯಿಸಿ. ನಿಮ್ಮ ಪ್ರೀತಿ ಅದಕ್ಕೆ ಭಾರವಾಗದಿರಲಿ.